ಮುಂಚೆ ನಾಲ್ಕು ಪೆಗ್, ಈಗ ಎರಡೇ: ತೂಕದ ಆಪರೇಷನ್ ಆದವರ ಕುಡಿತದ ಲೆಕ್ಕ

ಪ್ರಶ್ನೆ: ನಮ್ಮ ಯಜಮಾನರಿಗೆ 43 ವರ್ಷ. ತೂಕ, ಶುಗರ್ ಎರಡಕ್ಕೂ ಸೇರಿ ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿದೆವು. 128 ಕೆಜಿ ಇದ್ದವರು ಈಗ 84. ಶುಗರ್ ಮಾತ್ರೆಯೂ ನಿಂತಿದೆ. ಮುಂಚೆ ಶನಿವಾರ ಸ್ನೇಹಿತರ ಜೊತೆ ನಾಲ್ಕು ಲಾರ್ಜ್ ವಿಸ್ಕಿ ತಗೊಳ್ಳುತ್ತಿದ್ದರು, ತಗೊಂಡಿದ್ದಾರೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಒಂದು ವರ್ಷ ಮುಟ್ಟಲಿಲ್ಲ. ಈಗ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಲಾರ್ಜ್. ಆಮೇಲೆ ಕೂತಲ್ಲೇ ತೂಗಡಿಸುತ್ತಾರೆ. ರಾತ್ರಿ ಮಗಳ ಜೊತೆ ಜಗಳ ಆಡಿದ್ದು ಬೆಳಗ್ಗೆ ನೆನಪೇ ಇರುವುದಿಲ್ಲ. ಒಂದು ಸಲ ಬಚ್ಚಲುಮನೆಯಲ್ಲಿ ಬಿದ್ದರು. ಹೋದ ವಾರ ಬೆಳಗ್ಗೆ ಎದ್ದಾಗ ಮೈಯೆಲ್ಲಾ ಬೆವರು, ಕೈ ನಡುಕ. ಕೇಳಿದರೆ “ಮುಂಚೆ ನಾಲ್ಕು, ಈಗ ಎರಡೇ, ಕಮ್ಮಿ ಆಗಿದೆಯಲ್ಲ, ಡಾಕ್ಟರು ಆರು ತಿಂಗಳು ಬೇಡ ಅಂದಿದ್ದರು, ನಾನು ವರ್ಷಾನೇ ಬಿಟ್ಟಿದ್ದೆ” ಅನ್ನುತ್ತಾರೆ. ಊಟದ ಚಟ ಹೋದರೆ ಕುಡಿತದ ಚಟ ಹಿಡಿಯುತ್ತೆ ಅಂತ ಎಲ್ಲೋ ಓದಿದೆ, ನಿಜವೇ? ನಮ್ಮ ಅತ್ತೆ ಯಾರಿಂದಲೋ ಒಂದು ಪುಡಿ ತರಿಸಿದ್ದಾರೆ, ಸಾರಿಗೆ ಬೆರೆಸಬಹುದೇ? ನನ್ನ ತಮ್ಮನೂ ಸ್ಲೀವ್ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಅದರಲ್ಲೂ ಹೀಗೇ ಆಗುತ್ತದೆಯೇ?
ಒಬ್ಬ ಓದುಗರು, ತುಮಕೂರು

ಉತ್ತರ: ಮೊದಲು ಪುಡಿಯ ವಿಷಯ, ಯಾಕೆಂದರೆ ಅದು ಇವತ್ತೇ ನಿಲ್ಲಬೇಕು. ಬೆರೆಸಬೇಡಿ. ಅತ್ತೆಯವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಆ ಪೊಟ್ಟಣದಲ್ಲಿ ಏನಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಇಂಥವುಗಳಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರೆ ಕತೆ ಬೇರೆಯೇ. ಅದನ್ನು ಹೊಟ್ಟೆಗೆ ಹಾಕಿಕೊಂಡವರು ಮದ್ಯ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಧಡಕ್ಕನೆ ಇಳಿಯಬಹುದು. ಜೀವಕ್ಕೇ ಕುತ್ತಾದದ್ದೂ ಉಂಟು. ಡಾಕ್ಟರು ಇದನ್ನು ಕೊಡುವುದಿದ್ದರೂ ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ, ಲಿವರ್ ಮತ್ತು ಹಾರ್ಟ್ ನೋಡಿಯೇ ಕೊಡುತ್ತಾರೆ. ಗುಟ್ಟಾಗಿ ಸಾರಿಗೆ ಹಾಕುವ ವಸ್ತು ಅಲ್ಲವೇ ಅಲ್ಲ. ಅದರಲ್ಲೂ ನಿಮ್ಮ ಯಜಮಾನರ ಹೊಟ್ಟೆ ಈಗ ಮೊದಲಿನ ಹೊಟ್ಟೆಯಲ್ಲ, ಯಾವುದು ಎಷ್ಟು ಬೇಗ ರಕ್ತ ಸೇರುತ್ತದೆ ಎಂದು ಹೇಳುವುದು ಕಷ್ಟ.

ಈಗ ಅವರ “ಎರಡೇ” ಎಂಬ ಲೆಕ್ಕಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಮೊದಲು ಬರೀ ಗಣಿತ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಎಂದು ಬರೆದಿರುತ್ತದೆ. ಒಂದು ಲಾರ್ಜ್ ಅಂದರೆ 60 ಎಂಎಲ್. ಅದರಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಮುಂಚೆ ಶನಿವಾರಕ್ಕೊಮ್ಮೆ ನಾಲ್ಕು ಲಾರ್ಜ್ ಅಂದರೆ ವಾರಕ್ಕೆ 80 ಗ್ರಾಂ. ಈಗ ನಾಲ್ಕು ದಿನ, ಎರಡೆರಡು ಅಂದರೆ ವಾರಕ್ಕೆ 160 ಗ್ರಾಂ. ಕಮ್ಮಿಯಾಗಿಲ್ಲ, ಎರಡರಷ್ಟಾಗಿದೆ. ಇದು ಆಪರೇಷನ್ನಿನ ವಿಷಯವನ್ನು ಇನ್ನೂ ಎತ್ತದೆ ಮಾಡಿದ ಲೆಕ್ಕ. ಒಂದು ರಾತ್ರಿಯ ಗ್ಲಾಸನ್ನು ಎಣಿಸುತ್ತಿದ್ದಾರೆ, ವಾರವನ್ನು ಎಣಿಸುತ್ತಿಲ್ಲ. ಮನೆಯವರೂ ಅಷ್ಟೇ, ಗ್ಲಾಸ್ ಎಣಿಸಿ ಸಮಾಧಾನ ಮಾಡಿಕೊಳ್ಳುತ್ತಾರೆ.

ಇನ್ನು ಆಪರೇಷನ್. ಎಲ್ಲರ ಹೊಟ್ಟೆಯಲ್ಲೂ ಕುಡಿದದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಹೊಟ್ಟೆಯ ತುದಿಯಲ್ಲಿ ಕೆರೆಗೆ ತೂಬು ಇದ್ದ ಹಾಗೆ ಒಂದು ಬಿಗಿಯಾದ ಸ್ನಾಯು ಇದೆ, ಅದು ಅಷ್ಟಷ್ಟೇ ಸಣ್ಣ ಕರುಳಿಗೆ ಬಿಡುತ್ತದೆ. ಊಟ ಮಾಡಿದ್ದರೆ ಇನ್ನೂ ನಿಧಾನ. ಆಲ್ಕೋಹಾಲ್ ಬೇಗ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಿಂದ, ಹೊಟ್ಟೆಯಿಂದ ಅಲ್ಲ. ಜೊತೆಗೆ ಹೊಟ್ಟೆಯ ಒಳಪೊರೆಯಲ್ಲಿ ಆಲ್ಕೋಹಾಲನ್ನು ಒಡೆಯುವ ಒಂದು ಕಿಣ್ವವೂ ಇದೆ, ಅದು ಒಂದು ಪಾಲನ್ನು ಅಲ್ಲೇ ಮುಗಿಸುತ್ತದೆ. ಬೈಪಾಸಿನಲ್ಲಿ ಏನು ಮಾಡುತ್ತಾರೆ? ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯುವಷ್ಟು ಪುಟ್ಟ ಚೀಲ ಉಳಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಹೊಲಿಯುತ್ತಾರೆ. ತೂಬು ದಾರಿಯಲ್ಲೇ ಇಲ್ಲ. ಕುಡಿದದ್ದು ಗಂಟಲಿಳಿದು ಹೆಚ್ಚುಕಮ್ಮಿ ನೇರ ಕರುಳಿಗೇ ಬೀಳುತ್ತದೆ. ನಿಮ್ಮ ಯಜಮಾನರ ಒಂದು ಲಾರ್ಜ್, ನೀರೇ ಬೆರೆಸದಿದ್ದರೂ, ಆ ಚೀಲಕ್ಕಿಂತ ದೊಡ್ಡದು.

ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ಬೈಪಾಸ್ ಆದ ಕೆಲವು ಹೆಂಗಸರಿಗೂ ಇನ್ನೂ ಆಗಬೇಕಿದ್ದ ಕೆಲವು ಹೆಂಗಸರಿಗೂ ಅವರವರ ಮೈಕಟ್ಟಿಗೆ ತಕ್ಕ ಹಾಗೆ, ಅಲ್ಲಿನ ಲೆಕ್ಕದ ಸುಮಾರು ಎರಡು ಡ್ರಿಂಕ್‌ನಷ್ಟು (ನಮ್ಮ ಲಾರ್ಜಿಗಿಂತ ಚಿಕ್ಕ ಅಳತೆ) ಆಲ್ಕೋಹಾಲ್ ಕೊಟ್ಟು ರಕ್ತ ತೆಗೆದು ಪರೀಕ್ಷಿಸಿದರು. 2015ರಲ್ಲಿ ಅದು ಪ್ರಕಟವಾಯಿತು. ಆಪರೇಷನ್ ಆಗದವರಲ್ಲಿ ರಕ್ತದ ಮಟ್ಟ ತುದಿ ಮುಟ್ಟಲು ಸುಮಾರು 25 ನಿಮಿಷ ಬೇಕಾಯಿತು. ಆದವರಲ್ಲಿ ಸುಮಾರು 5 ನಿಮಿಷ. ಆ ತುದಿಯೂ ಎತ್ತರದಲ್ಲಿತ್ತು. ಎರಡು ಡ್ರಿಂಕ್ ಕುಡಿದವರ ರಕ್ತ ನಾಲ್ಕು ಕುಡಿದವರ ರಕ್ತದ ಹಾಗಿತ್ತು ಎಂದು ಸಂಶೋಧಕರು ಹೇಳಿದರು. ಇದು ಚಿಕ್ಕ ಅಧ್ಯಯನ, ಹೆಂಗಸರ ಮೇಲೆ ಮಾತ್ರ ಮಾಡಿದ್ದು, ನಿಜ. ಆದರೆ ಬೈಪಾಸ್ ಬಗ್ಗೆ ಬೇರೆ ಬೇರೆ ಕಡೆ ನಡೆದ ಕೆಲಸಗಳೂ ಇದೇ ದಿಕ್ಕನ್ನು ತೋರಿಸುತ್ತವೆ. ಹಾಗಾಗಿ ನಿಮ್ಮ ಯಜಮಾನರು “ಎರಡು” ಅಂದಾಗ ಅವರ ಮಿದುಳಿಗೆ ತಲುಪುವುದು ಹಳೆಯ ನಾಲ್ಕರ ಏಟೇ. ಹಳೆಯ ನಾಲ್ಕನ್ನು ಅವರು ಮೂರು ಗಂಟೆ ಕೂತು, ಚಿಕನ್ ಕಬಾಬ್ ನಂಚಿಕೊಂಡು, 128 ಕೆಜಿಯ ಮೈಯಲ್ಲಿ ಹರಡಿಕೊಳ್ಳುತ್ತಿದ್ದರು. ಈಗ 84 ಕೆಜಿ, ನಂಚಿಕೊಳ್ಳಲು ಹೊಟ್ಟೆಯಲ್ಲಿ ಜಾಗವೇ ಇಲ್ಲ, ಏಟು ಬೀಳುವುದು ನಿಮಿಷಗಳಲ್ಲಿ.

ಏರುವುದು ಮಾತ್ರ ಬೇಗ, ಇಳಿಯುವುದು ಬೇಗವೇನಲ್ಲ. ಲಿವರ್ ಗಂಟೆಗೆ ಹತ್ತು ಗ್ರಾಂ ಆಸುಪಾಸು, ಎಷ್ಟೋ ಜನರಲ್ಲಿ ಅದಕ್ಕಿಂತ ಕಮ್ಮಿಯೇ, ಕರಗಿಸುತ್ತದೆ. ಎರಡು ಲಾರ್ಜಿನ 40 ಗ್ರಾಂ ಹೋಗಲು ನಾಲ್ಕರಿಂದ ಆರು ಗಂಟೆ ಬೇಕು. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಇದನ್ನು ಬೇಗ ಮಾಡುವುದಿಲ್ಲ.

ರಾತ್ರಿಯ ಜಗಳ ಬೆಳಗ್ಗೆ ನೆನಪಿಲ್ಲ ಅಂದಿರಲ್ಲ, ಅದು ನಾಟಕ ಅಂದುಕೊಳ್ಳಬೇಡಿ. ರಕ್ತದಲ್ಲಿ ಆಲ್ಕೋಹಾಲ್ ಧಡಕ್ಕನೆ ಏರಿದಾಗ ಮಿದುಳು ಹೊಸ ನೆನಪನ್ನು ಬರೆದಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ಮಾತಾಡುತ್ತಿರುತ್ತಾನೆ, ಓಡಾಡುತ್ತಿರುತ್ತಾನೆ, ಆದರೆ ಯಾವುದೂ ದಾಖಲಾಗುವುದಿಲ್ಲ. ಒಟ್ಟು ಎಷ್ಟು ಕುಡಿದರು ಅನ್ನುವಷ್ಟೇ ಎಷ್ಟು ಬೇಗ ಏರಿತು ಅನ್ನುವುದೂ ಇದಕ್ಕೆ ಕಾರಣ. ಬೈಪಾಸ್ ಆದವರಲ್ಲಿ ಆ ವೇಗ ಜಾಸ್ತಿ. ನಾಲ್ಕು ಲಾರ್ಜಿಗೆ ಎಂದೂ ಆಗದ್ದು ಎರಡಕ್ಕೆ ಆಗುತ್ತಿರುವುದು ಅದಕ್ಕೇ.

ಗಾಡಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಇವರಿಗೆ ಒಂದು ಲಾರ್ಜ್ ಸಾಕು, ಮಿತಿ ದಾಟುತ್ತದೆ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ದಂಡ ಕಟ್ಟಬಹುದು ಬಿಡಿ. ಬಾರಿನಿಂದ ಹೊರಟಾಗ “ಸರಿಯಾಗೇ ಇದ್ದೀನಿ” ಅನ್ನಿಸಿದ್ದು ಮೊದಲ ಸಿಗ್ನಲ್ ಬರುವಷ್ಟರಲ್ಲಿ ಬದಲಾಗಿರುತ್ತದೆ, ಅದೇ ಹೆದರಿಕೆ.

ಬೆಳಗಿನ ಬೆವರು, ನಡುಕ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕಳವಳ ತಂದದ್ದು ಇದು. ಎರಡು ಕಾರಣ ಇರಬಹುದು, ಎರಡಕ್ಕೂ ಮಾಡಬೇಕಾದ್ದು ಬೇರೆ ಬೇರೆ.

ಒಂದು, ಶುಗರ್ ಇಳಿದಿರುವುದು. ಶುಗರ್ ಇದ್ದವರು ಅಂದರೆ ನಾವೆಲ್ಲ ಏರುವುದಕ್ಕೇ ಹೆದರುತ್ತೇವೆ. ಬೈಪಾಸ್ ಆಗಿ ವರ್ಷ ಕಳೆದ ಕೆಲವರಲ್ಲಿ ಉಲ್ಟಾ ತೊಂದರೆ ಶುರುವಾಗುತ್ತದೆ, ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ ಶುಗರ್ ತೀರಾ ಕೆಳಗೆ ಹೋಗುತ್ತದೆ. ಇದು ಕುಡಿಯದವರಲ್ಲೂ ಆಗಬಹುದು. ಕುಡಿದರೆ ಇನ್ನೊಂದು ಸೇರಿಕೊಳ್ಳುತ್ತದೆ: ನಾವು ಏನೂ ತಿನ್ನದೆ ಮಲಗಿರುವಾಗ ಲಿವರ್ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ, ಆಲ್ಕೋಹಾಲ್ ಬಂದರೆ ಆ ತಯಾರಿ ಕುಂಠಿತವಾಗುತ್ತದೆ. ಇವರು ರಾತ್ರಿ ಊಟವೂ ಎರಡು ತುತ್ತು. ಕೂಡಿಟ್ಟದ್ದು ಕಮ್ಮಿ, ತಯಾರಿಯೂ ಇಲ್ಲ. ಬೆಳಗಿನ ಜಾವ ಬೆವರು, ನಡುಕ, ತೊದಲು, ಪೆದ್ದುಪೆದ್ದು ಮಾತು. ಬಾಯಿಂದ ಎಣ್ಣೆ ವಾಸನೆ ಬೇರೆ ಬರುತ್ತಿರುತ್ತದೆ, ಸುಮ್ನೆ ಕುಡಿದ ಅಮಲು ಅಂತ ಮನೆಯವರು ಹೊದಿಕೆ ಹೊದಿಸಿ ಮಲಗಿಸುತ್ತಾರೆ. ಇದು ಅಪಾಯ. ಮನೆಯಲ್ಲಿ ಗ್ಲುಕೋಮೀಟರ್ ಇದೆ ಅಲ್ವಾ, ಮುಂದಿನ ಸಲ ಬೈಯುವ ಮೊದಲು ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದು ಎಚ್ಚರವಾಗಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ, ಏರಿದ ಮೇಲೆ ಮೊಟ್ಟೆಯನ್ನೋ ನೆನೆಸಿದ ಕಡಲೆಯನ್ನೋ ಕೊಡಿ, ಇಲ್ಲದಿದ್ದರೆ ಏರಿದ ಸಕ್ಕರೆ ಮತ್ತೆ ಅಷ್ಟೇ ಬೇಗ ಇಳಿಯುತ್ತದೆ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಇನ್ನೊಂದು, ಶುಗರ್ ಸರಿಯಾಗಿದ್ದೂ ನಡುಕ ಇದೆ, ಅದೂ ಹಿಂದಿನ ದಿನ ಕುಡಿಯದಿದ್ದಾಗ ಅಥವಾ ಕುಡಿದು ಹತ್ತು ಹನ್ನೆರಡು ಗಂಟೆಯಾದ ಮೇಲೆ ಬರುತ್ತಿದೆ ಅಂದರೆ, ಮೈ ಕುಡಿತಕ್ಕೆ ಒಗ್ಗಿಕೊಂಡು ಈಗ ಇಲ್ಲದಿದ್ದರೆ ಚಡಪಡಿಸುತ್ತಿದೆ ಎಂದು. ಹಾಗಿದ್ದರೆ ಇವತ್ತಿನಿಂದ ಬಂದ್ ಎಂದು ಮನೆಯಲ್ಲೇ ಹಠ ಹಿಡಿದು ನಿಲ್ಲಿಸಲು ಹೋಗಬೇಡಿ. ಒಗ್ಗಿದ ಮೈಯಲ್ಲಿ ಧಡಕ್ಕನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಮೂರು ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದನ್ನು ಕಾಣುವ, ಕೇಳಿಸಿಕೊಳ್ಳುವ, ಗಾಬರಿಬೀಳುವ ಸ್ಥಿತಿ ಬರಬಹುದು. ಡಾಕ್ಟರ ಕಣ್ಣಳತೆಯಲ್ಲಿ ಮಾತ್ರೆ ಕೊಟ್ಟು ಇಳಿಸಿದರೆ ಸಲೀಸು. ವಾರಕ್ಕೆ ನಾಲ್ಕು ದಿನ ಅಂದಿದ್ದೀರಿ, ಹಾಗಾಗಿ ಮೊದಲ ಕಾರಣವೇ ಹೆಚ್ಚು ಸಂಭವ ಅಂತ ನನಗನ್ನಿಸುತ್ತದೆ. ಆದರೆ ನಿಮಗೆ ಕಾಣುವ ನಾಲ್ಕು ದಿನವೇ ಅವರು ಕುಡಿಯುವ ನಾಲ್ಕು ದಿನ ಎಂದು ಹೇಳಲಾಗುವುದಿಲ್ಲ.

ಬಿ1 ವಿಟಮಿನ್ ವಿಷಯ ಕೂಡ. ಥಯಮಿನ್ ಅನ್ನುತ್ತಾರೆ. ಮೈಯಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕೆ ಸಾಕಾಗುವಷ್ಟೇ. ಆಪರೇಷನ್ ಆದವರು ತಿನ್ನುವುದು ಕಮ್ಮಿ, ತಿಂದದ್ದು ಮೈಗೆ ಹತ್ತುವುದೂ ಕಮ್ಮಿ, ಆಗಾಗ ವಾಂತಿಯೂ ಇರುತ್ತದೆ. ಮದ್ಯ ಆ ಉಳಿದದ್ದನ್ನೂ ಹೀರಲು ಬಿಡುವುದಿಲ್ಲ. ಎರಡು ವರ್ಷವಾಯಿತು, ಆರಾಮಾಗಿದ್ದೀನಿ ಎಂದು ವಿಟಮಿನ್ ಮಾತ್ರೆ ಬಿಟ್ಟಿದ್ದಾರಾ, ಒಮ್ಮೆ ಡಬ್ಬ ತೆಗೆದು ನೋಡಿ. ಬಿಟ್ಟಿರುವವರೇ ಜಾಸ್ತಿ. ಒಂದು ವಸ್ತು ಎರಡಾಗಿ ಕಾಣುವುದು, ಕುಡಿಯದಿದ್ದಾಗಲೂ ನಡಿಗೆ ತೂರಾಡುವುದು, ದಿನ ವಾರ ಗೊತ್ತಾಗದ ಗೊಂದಲ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಅಲ್ಲಿ ಡ್ಯೂಟಿ ಡಾಕ್ಟರಿಗೆ ಎರಡು ಮಾತು ನೀವೇ ಬಾಯಿಬಿಟ್ಟು ಹೇಳಬೇಕು: ಬೈಪಾಸ್ ಆಗಿದೆ, ಕುಡಿಯುತ್ತಾರೆ. ಇಂಥವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಅಥವಾ ಜೊತೆಗೇ ಥಯಮಿನ್ ಇಂಜೆಕ್ಷನ್ ಕೊಡಬೇಕು. ತಡವಾದರೆ ನೆನಪಿನ ಶಕ್ತಿ ಹೋದದ್ದು ಮತ್ತೆ ಪೂರ್ತಿ ಬರುವುದಿಲ್ಲ.

ಮಾರನೇ ದಿನದ ತಲೆನೋವಿಗೆ ಮೆಡಿಕಲ್ ಶಾಪಿನಿಂದ ಏನು ತರುತ್ತಾರೆ ನೋಡಿಕೊಳ್ಳಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇರುವ ಮಾತ್ರೆಗಳು ಬೈಪಾಸ್ ಆದವರಿಗೆ ನಿಷಿದ್ಧ. ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತದೆ. ಜೊತೆಗೆ ಸಿಗರೇಟ್ ಇದ್ದರಂತೂ ಕೇಳುವುದೇ ಬೇಡ. ಮಲ ಟಾರಿನಂತೆ ಕಪ್ಪಾದರೆ ಕಾಯಬೇಡಿ. ಕ್ಯಾಲೊರಿ ಲೆಕ್ಕ ಕೇಳಿದರೆ ಒಂದು ಗ್ರಾಂ ಆಲ್ಕೋಹಾಲಿಗೆ 7. ಎರಡು ಲಾರ್ಜಿಗೆ 280ರ ಸುಮಾರು, ವಾರಕ್ಕೆ 1,100 ದಾಟುತ್ತದೆ. ತೂಕ ವಾಪಸ್ ಬರುವ ದಾರಿಗಳಲ್ಲಿ ಇದೂ ಒಂದು.

“ಡಾಕ್ಟರು ಆರು ತಿಂಗಳು ಅಂದಿದ್ದರು” ಎಂಬ ಮಾತು. ಇದರಲ್ಲಿ ತಪ್ಪು ನಿಮ್ಮ ಯಜಮಾನರದ್ದು ಮಾತ್ರ ಅಲ್ಲ. ಹಾಗೆ ಹೇಳುವ ಆಸ್ಪತ್ರೆಗಳಿವೆ, ಆರು ತಿಂಗಳು, ಒಂದು ವರ್ಷ ಎಂದು. ಗಾಯ ಮಾಯಲಿ, ತೂಕ ಇಳಿಯುವ ಹೊತ್ತಿನಲ್ಲಿ ಅಡ್ಡಿಯಾಗದಿರಲಿ ಎಂಬ ಉದ್ದೇಶ ಅದು. ಕೇಳಿದವರಿಗೆ ಮಾತ್ರ ಆಮೇಲೆ ಪರವಾಗಿಲ್ಲ ಎಂಬ ಲೈಸೆನ್ಸ್ ಸಿಕ್ಕಂತೆ ಕೇಳಿಸುತ್ತದೆ. ಗಾಯ ಮಾಯುತ್ತದೆ, ಆದರೆ ತೂಬು ವಾಪಸ್ ಬರುವುದಿಲ್ಲ. ಆಲ್ಕೋಹಾಲ್ ರಕ್ತಕ್ಕೆ ನುಗ್ಗುವ ವೇಗ ಐದು ವರ್ಷ ಕಳೆದ ಮೇಲೂ ಹಾಗೇ ಇರುತ್ತದೆ.

ಇನ್ನೊಂದು ಗಮನಿಸಿ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ತೂಕದ ಆಪರೇಷನ್ ಆದ 1,945 ಜನರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು 2012ರಲ್ಲಿ ಬಂತು. ಕುಡಿತದ ಸಮಸ್ಯೆ ಇದ್ದವರು ಆಪರೇಷನ್ನಿಗೆ ಮುಂಚಿನ ವರ್ಷ 7.6 ಪರ್ಸೆಂಟ್, ಮೊದಲ ವರ್ಷದ ಹೊತ್ತಿಗೆ 7.3, ಎರಡನೇ ವರ್ಷಕ್ಕೆ 9.6. ಮೊದಲ ವರ್ಷ ಏನೂ ಬದಲಾಗಿಲ್ಲ ಎಂದು ಕಾಣುತ್ತದೆ. ಅದೇ ತಂಡ 2017ರಲ್ಲಿ ಇನ್ನೂ ಮುಂದಿನ ವರ್ಷಗಳ ಲೆಕ್ಕ ಕೊಟ್ಟಿತು. ಬೈಪಾಸ್ ಆದವರಲ್ಲಿ, ಮುಂಚೆ ಆ ಸಮಸ್ಯೆ ಇಲ್ಲದವರನ್ನೇ ಹಿಡಿದು ನೋಡಿದರೂ, ಐದು ವರ್ಷದೊಳಗೆ ಸುಮಾರು ಐದರಲ್ಲಿ ಒಬ್ಬರಿಗೆ ಕುಡಿತದ ಸಮಸ್ಯೆಯ ಲಕ್ಷಣಗಳು ಬಂದಿದ್ದವು. ಗಂಡಸರು, ಚಿಕ್ಕ ವಯಸ್ಸಿನವರು, ಸಿಗರೇಟ್ ಸೇದುವವರು, ಆಪರೇಷನ್ನಿಗೆ ಮುಂಚೆಯೂ ರೆಗ್ಯುಲರ್ ಆಗಿ ಕುಡಿಯುತ್ತಿದ್ದವರಲ್ಲಿ ಜಾಸ್ತಿ. ಅಮೆರಿಕದ ಅಂಕಿ ನಮಗೆ ಹಾಗೇ ಹೊಂದಬೇಕೆಂದಿಲ್ಲ. ಆದರೆ ಸಮಯ ನೋಡಿ. ಆಪರೇಷನ್ನಿಗೆ ಮುಂಚೆ ಎಲ್ಲರೂ ಕೇಳುತ್ತಾರೆ, ಕುಡೀತೀರಾ, ಎಷ್ಟು, ಎಷ್ಟು ದಿನಕ್ಕೆ. ಮೊದಲ ವರ್ಷ ಡಯಟೀಷಿಯನ್ ಕೇಳುತ್ತಾರೆ. ಕುಡಿತ ಏರತೊಡಗುವ ಎರಡನೇ ಮೂರನೇ ವರ್ಷದಲ್ಲಿ ಫಾಲೋ-ಅಪ್‌ಗೆ ಹೋಗುವವರೇ ಕಮ್ಮಿ, ಹೋದರೂ ತೂಕ ನೋಡಿ, ಬಿ12 ಬರೆದು ಕಳಿಸುತ್ತಾರೆ. ಆಸ್ಪತ್ರೆಗಳ ಗೋಡೆ ಮೇಲೆ “ಮುಂಚೆ–ಆಮೇಲೆ” ಫೋಟೋ ಹಾಕಿರುತ್ತಾರಲ್ಲ, ಆ “ಆಮೇಲೆ” ಹೆಚ್ಚಾಗಿ ಮೊದಲ ವರ್ಷದ್ದೇ. ನಿಮ್ಮ ಯಜಮಾನರ ಕತೆ ಅಳತೆ ಮಾಡಿ ಹೊಲಿಸಿದ ಹಾಗೆ ಈ ವೇಳಾಪಟ್ಟಿಗೆ ಸರಿಹೊಂದುತ್ತಿದೆ.

ಊಟದ ಚಟ ಹೋದರೆ ಕುಡಿತದ ಚಟ ಹಿಡಿಯುತ್ತದೆಯೇ ಎಂದು ಕೇಳಿದ್ದೀರಿ. ಜನಪ್ರಿಯವಾದ ಮಾತು, ಕೇಳಲು ಸರಿಯೆನಿಸುತ್ತದೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಾಗಿದ್ದರೆ ಹೊಟ್ಟೆಯನ್ನು ಕತ್ತರಿಸದೆ ಅದರ ಮೇಲ್ಭಾಗಕ್ಕೆ ಬಿಗಿಯಾದ ಪಟ್ಟಿ, ಅಂದರೆ ಬ್ಯಾಂಡ್, ಹಾಕಿಸಿಕೊಂಡವರಲ್ಲೂ ಅಷ್ಟೇ ಆಗಬೇಕಿತ್ತು, ಅವರ ಊಟವೂ ಕಟ್ ಆಗಿರುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲೇ ಬ್ಯಾಂಡಿನವರಲ್ಲಿ ಬೈಪಾಸಿನವರ ಸುಮಾರು ಅರ್ಧದಷ್ಟೇ ಕಂಡಿತು. ಇನ್ನೊಂದು, ಇಲಿಗಳಿಗೆ ಬೈಪಾಸ್ ಮಾಡಿ ನೋಡಿದ್ದಾರೆ. ಅವು ಆಪರೇಷನ್ ಆಗದ ಇಲಿಗಳಿಗಿಂತ ಜಾಸ್ತಿ ಆಲ್ಕೋಹಾಲ್ ಬಯಸಿದವು. ಹೊಟ್ಟೆಯ ಗೊಡವೆಯೇ ಬೇಡ ಎಂದು ನೇರ ರಕ್ತನಾಳಕ್ಕೆ ಹೋಗುವ ವ್ಯವಸ್ಥೆ ಮಾಡಿಕೊಟ್ಟಾಗಲೂ ಅವೇ ಜಾಸ್ತಿ ತೆಗೆದುಕೊಂಡವು. ಅಂದರೆ ಬೇಗ ಹೀರಿಕೊಳ್ಳುವುದು ಒಂದೇ ಅಲ್ಲ, ಕರುಳಿನಿಂದ ಮಿದುಳಿಗೆ ಹೋಗುವ ಹಾರ್ಮೋನುಗಳ ಸುದ್ದಿಯೂ ಬದಲಾಗಿರಬೇಕು. ಇಲಿಗೆ ಸ್ನೇಹಿತರ ಒತ್ತಾಯವಿಲ್ಲ, ಆಫೀಸ್ ಟೆನ್ಷನ್ ಇಲ್ಲ, ಮನೋಬಲ ಕಮ್ಮಿ ಎಂದು ಬೈಯಲೂ ಆಗುವುದಿಲ್ಲ! ಮನುಷ್ಯರಲ್ಲಿ ಇದರ ಮೇಲೆ ಬೇರೆಯದೂ ಸೇರುತ್ತದೆ. ತೆಳ್ಳಗಾದ ಮೇಲೆ ಓಡಾಟ ಹೆಚ್ಚುತ್ತದೆ, ಪಾರ್ಟಿಗೆ ಕರೆಯುತ್ತಾರೆ, ಮುಂಚೆ ಬೇಜಾರಾದಾಗ ಒಂದು ಪ್ಲೇಟ್ ಬಿರಿಯಾನಿ ತಿಂದು ಸಮಾಧಾನ ಮಾಡಿಕೊಳ್ಳುತ್ತಿದ್ದವರಿಗೆ ಆ ದಾರಿ ಮುಚ್ಚಿರುತ್ತದೆ, ದ್ರವ ಮಾತ್ರ ಸಲೀಸಾಗಿ ಇಳಿಯುತ್ತದೆ. ಅಷ್ಟರ ಮಟ್ಟಿಗೆ ನೀವು ಓದಿದ್ದರಲ್ಲಿ ನಿಜವಿದೆ. ಆದರೆ ಇವರಿಗೆ ಯಾವುದಾದರೊಂದು ಚಟ ಬೇಕೇ ಬೇಕು ಎಂದು ಮನೆಯಲ್ಲಿ ಯಾರಾದರೂ ಅಂದರೆ ದಯವಿಟ್ಟು ಬಾಯಿ ಮುಚ್ಚಿಸಿ.

ಹಾಗಾದರೆ ಮಾಡುವುದೇನು? ನನ್ನ ಅಭಿಪ್ರಾಯ ನೇರವಾಗಿ ಕೇಳಿದರೆ, ನಿಮ್ಮ ಯಜಮಾನರಿಗೆ ಇನ್ನು ಇಷ್ಟರವರೆಗೆ ಪರವಾಗಿಲ್ಲ ಎಂಬ ಮಿತಿ ಇಲ್ಲ. ನೆನಪು ಹಾರುತ್ತಿದೆ, ಬಿದ್ದಿದ್ದಾರೆ, ಬೆಳಗ್ಗೆ ನಡುಗಿದ್ದಾರೆ. ಪೂರ್ತಿ ಬಿಡುವುದೇ ಸರಿ, ಆದರೆ ಡಾಕ್ಟರ ಸಹಾಯದಿಂದ. ಒಂದೇ ಲಾರ್ಜಿಗೆ ಇಳಿಸಿಕೊಳ್ಳುತ್ತೇನೆ ಎಂಬ ಚೌಕಾಸಿಗೆ ಒಪ್ಪಬೇಡಿ.

ಮಾತಾಡುವುದನ್ನು ಕುಡಿದಿರುವಾಗ ಇಟ್ಟುಕೊಳ್ಳಬೇಡಿ, ಹೇಗೂ ನೆನಪಿರುವುದಿಲ್ಲ. ಭಾನುವಾರ ಬೆಳಗ್ಗೆ, ಅತ್ತೆ ಮಗಳು ಯಾರೂ ಇಲ್ಲದಾಗ, ಈ 80 ಮತ್ತು 160ರ ಲೆಕ್ಕವನ್ನು ಒಂದು ಹಾಳೆ ಮೇಲೆ ಬರೆದು ತೋರಿಸಿ. ಶುಗರ್ ಚಾರ್ಟ್ ಬರೆದು ರೂಢಿಯಿರುವವರಿಗೆ ಬೈಗುಳಕ್ಕಿಂತ ಅಂಕಿ ಬೇಗ ಇಳಿಯುತ್ತದೆ. ಆಮೇಲೆ ಆಪರೇಷನ್ ಮಾಡಿದ ಸರ್ಜನ್ ಹತ್ತಿರವೇ ಒಟ್ಟಿಗೆ ಹೋಗಿ. ಶುಗರ್, ಲಿವರ್, ಬಿ1, ಬಿ12, ಕಬ್ಬಿಣದಂಶದ ಪರೀಕ್ಷೆ ಮಾಡಿಸಿ, ಬೆಳಗಿನ ನಡುಕದ ವಿಷಯ ತಪ್ಪದೆ ಹೇಳಿ. ಬಚ್ಚಲುಮನೆಯಲ್ಲಿ ಬಿದ್ದಾಗ ತಲೆಗೆ ಪೆಟ್ಟಾಗಿತ್ತಾ ಎಂದು ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ. ಅಲ್ಲಿಂದ ಮನೋವೈದ್ಯರ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಎಂಬ ಪಟ್ಟಿ ಕೊಟ್ಟು ಅಂಕ ಹಾಕುತ್ತಾರೆ, 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಗಮನ ಕೊಡಬೇಕು ಎಂದರ್ಥ. ಅದರ ಮೊದಲ ಮೂರು ಪ್ರಶ್ನೆ ಎಷ್ಟು ಸಲ, ಎಷ್ಟು ಗ್ಲಾಸ್ ಎಂಬ ಬಗ್ಗೆ. ಆಪರೇಷನ್ ಆದವರಿಗೆ ಅಲ್ಲಿ ಕಮ್ಮಿ ಅಂಕ ಬಂದು ನಾನು ಪಾಸು ಅನ್ನಿಸಬಹುದು. ನಿಜ ಹೊರಬರುವುದು ಮುಂದಿನ ಪ್ರಶ್ನೆಗಳಲ್ಲಿ: ಹಿಂದಿನ ರಾತ್ರಿ ನಡೆದದ್ದು ನೆನಪಾಗಲಿಲ್ಲವೇ, ಕುಡಿದು ಪೆಟ್ಟಾಗಿದೆಯೇ, ಮನೆಯವರು ಕಳವಳ ಪಟ್ಟಿದ್ದಾರೆಯೇ. ಈ ಮೂರಕ್ಕೂ ಉತ್ತರ ನೀವೇ ಬರೆದು ಕಳಿಸಿದ್ದೀರಿ.

ಚಿಕಿತ್ಸೆ ಅಂದರೆ ಕೂಡಿಹಾಕುವುದಲ್ಲ. ಕುಡಿಯಬೇಕೆಂಬ ಸೆಳೆತ ಕಮ್ಮಿ ಮಾಡುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ, ಕೌನ್ಸೆಲಿಂಗ್ ಇದೆ. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೇ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಪರಿಚಯದವರು ನೋಡಿಬಿಟ್ಟರೆ ಎಂಬ ಮುಜುಗರ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ ಫೋನ್ ಮಾಡಲಿ, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೇ ಸಾಕಾಗಿದ್ದರೆ ನೀವೂ ಮಾಡಬಹುದು, ರೋಗಿಯೇ ಮಾಡಬೇಕೆಂದೇನಿಲ್ಲ.

ಕೊನೆಗೆ ನಿಮ್ಮ ತಮ್ಮ. ಸ್ಲೀವಿನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆದು ಉದ್ದ ಕೊಳವೆಯಂತೆ ಮಾಡುತ್ತಾರೆ. ತೂಬು ಅಲ್ಲೇ ಉಳಿಯುತ್ತದೆ, ಅದಕ್ಕೇ ಸ್ಲೀವ್ ಆದರೆ ಮದ್ಯದ ತೊಂದರೆ ಇಲ್ಲ ಎಂದು ಬಹಳ ದಿನ ನಂಬಿದ್ದರು. ಉಸಿರಿನ ಮೀಟರಿನಲ್ಲಿ ಅಳೆದ ಕೆಲವು ಅಧ್ಯಯನಗಳೂ ಹಾಗೇ ಹೇಳಿದವು. 2018ರಲ್ಲಿ ರಕ್ತವನ್ನೇ ತೆಗೆದು ಅಳೆದಾಗ ಸ್ಲೀವ್ ಆದ ಹೆಂಗಸರಲ್ಲೂ ಬೈಪಾಸಿನವರಂತೆಯೇ ಬೇಗ, ಎತ್ತರಕ್ಕೆ ಏರುವುದು ಕಂಡಿತು. ಮೊದಲ ಕೆಲವು ನಿಮಿಷದ ಆ ತುದಿಯನ್ನು ಉಸಿರಿನ ಮೀಟರ್ ಹಿಡಿಯುವುದೇ ಇಲ್ಲ. ಬೈಪಾಸ್ ಬಗ್ಗೆ ಇರುವಷ್ಟು ವರ್ಷಗಳ ಪುರಾವೆ ಸ್ಲೀವಿಗೆ ಇಲ್ಲ, ಆದರೆ ಸ್ಲೀವ್ ಸೇಫ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದನ್ನೆಲ್ಲ ಕೇಳಿ ಆಪರೇಷನ್ನೇ ಬೇಡ ಎಂದು ಹೆದರಿಸಲೂ ಬೇಡಿ. ಶುಗರ್, ಬಿಪಿ, ಮಂಡಿನೋವು, ಗೊರಕೆಯಲ್ಲಿ ಉಸಿರು ಕಟ್ಟುವುದು, ಇವುಗಳಿಗೆ ಈ ಆಪರೇಷನ್ ಮಾಡುವ ಉಪಕಾರ ದೊಡ್ಡದು. ನಿಮ್ಮ ಯಜಮಾನರ ಶುಗರ್ ಮಾತ್ರೆ ನಿಂತದ್ದು ಸಣ್ಣ ವಿಷಯವೇ? ತಮ್ಮ ಕುಡಿಯುತ್ತಿದ್ದರೆ ಎಷ್ಟು ಎಂಬುದನ್ನು ಮುಂಚೆಯೇ ಸರಿಯಾಗಿ ಹೇಳಲಿ, ಅಷ್ಟೇ. ಇನ್ಶೂರೆನ್ಸ್ ಕ್ಲೇಮ್ ಸಿಗಲಿಕ್ಕಿಲ್ಲವೇನೋ, ಡಾಕ್ಟರು ಆಪರೇಷನ್ ಮುಂದೂಡುತ್ತಾರೇನೋ ಎಂದು ಮುಚ್ಚಿಡುವವರು ಬಹಳ. ಮುಂದೂಡಿದರೆ ಮುಂದೂಡಲಿ. ದಿನಾ ಕುಡಿಯುವವನು ಹೇಳದೆ ಅಡ್ಮಿಟ್ ಆದರೆ ಆಪರೇಷನ್ ಆದ ಎರಡನೇ ದಿನ ವಾರ್ಡಿನಲ್ಲಿ ಫಿಟ್ಸ್ ಬರಬಹುದು, ಹೊಸ ಹೊಲಿಗೆಯ ಹೊಟ್ಟೆಯಲ್ಲಿ. ಅರಿವಳಿಕೆ ಡಾಕ್ಟರಿಗಂತೂ ಗೊತ್ತಿರಲೇಬೇಕು. ಕಳೆದ ಎರಡು ಮೂರು ವಾರದ ಕುಡಿತವನ್ನು ತೋರಿಸುವ ರಕ್ತಪರೀಕ್ಷೆಗಳು ಬಂದಿವೆ, ಹಾಗಾಗಿ ಮುಚ್ಚಿಟ್ಟು ಗೆಲ್ಲುವುದೂ ಕಷ್ಟ.

ಆಪರೇಷನ್ ಆದ ಮೇಲೆ ಬಿಟ್ಟುಬಿಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಡುವುದೇ ಇಲ್ಲ ಅನ್ನುವವನಾದರೆ ಕನಿಷ್ಠ ಇಷ್ಟು ತಿಳಿದಿರಲಿ: ಮೊದಲ ವರ್ಷ ಖಂಡಿತ ಬೇಡ, ಖಾಲಿ ಹೊಟ್ಟೆಯಲ್ಲಿ ಬೇಡ, ಒಬ್ಬನೇ ಇದ್ದಾಗ ಬೇಡ, ಗಾಡಿಯ ಕೀ ಜೇಬಿನಲ್ಲಿದ್ದರೆ ಬೇಡ, ಹಳೆಯ ಅಳತೆಯಂತೂ ಬೇಡವೇ ಬೇಡ. ಬಿಯರ್, ಸೋಡಾ ಬೆರೆಸಿದ್ದು ಗ್ಯಾಸ್ ತುಂಬಿ ಹೊಟ್ಟೆ ನೋಯಿಸುತ್ತದೆ. ಮೂರನೇ ವರ್ಷದ ಫಾಲೋ-ಅಪ್ ದಿನಾಂಕವನ್ನು ಆಪರೇಷನ್ನಿಗೆ ಮುಂಚೆಯೇ ಫೋನಿನಲ್ಲಿ ಹಾಕಿಕೊಂಡಿರಲಿ, ಅಲ್ಲಿ ಕುಡಿತದ ಬಗ್ಗೆ ಯಾರೂ ಕೇಳದಿದ್ದರೆ ತಾನೇ ಹೇಳಲಿ. ಮತ್ತೆ, ಮೊದಲ ಕನ್ಸಲ್ಟೇಷನ್‌ಗೆ ನೀವು, ನಿಮ್ಮ ತಾಯಿ, ಅವನ ಹೆಂಡತಿ ಎಲ್ಲರೂ ಒಟ್ಟಿಗೆ ಡಾಕ್ಟರ ರೂಮಿಗೆ ಹೋಗಿ ಕೂರಬೇಡಿ. ಅಮ್ಮನ ಎದುರು ಯಾವ ಗಂಡಸೂ ನಿಜವಾದ ಅಳತೆ ಹೇಳುವುದಿಲ್ಲ. ಅವನೊಬ್ಬನೇ ಹತ್ತು ನಿಮಿಷ ಒಳಗೆ ಮಾತಾಡಲಿ, ಆಮೇಲೆ ನೀವು ಹೋಗಿ.